ಆಫ್ರಿಕನ್–ಭಾರತೀಯ ಮೂಲದ ಮಗು: ಬಣ್ಣ, ಕೂದಲು ಮತ್ತು ‘ಯಾವ ಊರು?’ ಎಂಬ ಪ್ರಶ್ನೆ

ಅಪ್ಪ ಆಫ್ರಿಕಾದವರು, ಅಮ್ಮ ಕನ್ನಡದವರು. ಮಗು ಹುಟ್ಟಿ ಬೆಳೆಯುತ್ತಿರುವುದು ಮಾಗಡಿ ರಸ್ತೆ ಆಸುಪಾಸಿನ ಶ್ರೀಗಂಧದ ಕಾವಲ್‌ನಲ್ಲಿ. ಹೀಗಿದ್ದರೂ ಪಾರ್ಕಿನಲ್ಲಿ ಸಿಕ್ಕವರು ಕೇಳುವ ಮೊದಲ ಮಾತು, ‘ಇವಳು ಯಾವ ದೇಶದವಳು?’ ಎಂಬುದೇ. ಇಂಥ ಮಕ್ಕಳ ಬಗ್ಗೆ ಜನರಲ್ಲಿರುವ ಕೆಲವು ನಂಬಿಕೆಗಳನ್ನು ಇಲ್ಲಿ ಪರಿಶೀಲಿಸೋಣ.

ಕೇಸರಿ ಹಾಲು ಕುಡಿದಿದ್ದರೆ ಮಗು ಬೆಳ್ಳಗಾಗುತ್ತಿತ್ತೇ?
ಇಲ್ಲ. ಚರ್ಮದ ಬಣ್ಣವನ್ನು ತಂದೆ ತಾಯಿಯಿಂದ ಬರುವ ಹಲವು ಜೀನ್‌ಗಳು ಸೇರಿ ನಿರ್ಧರಿಸುತ್ತವೆ. ಆದ್ದರಿಂದಲೇ ಒಡಹುಟ್ಟಿದವರ ಬಣ್ಣವೂ ಬೇರೆಯಾಗಬಹುದು. ಹುಟ್ಟಿದಾಗ ತಿಳಿಯಾಗಿದ್ದ ಬಣ್ಣ ಕೆಲವು ವಾರಗಳಲ್ಲಿ ಗಾಢವಾಗುವುದು ಸಹಜ. ಕಡಲೆಹಿಟ್ಟು ಹಚ್ಚಿ ಉಜ್ಜಿದರೆ ಎಳೆ ಚರ್ಮಕ್ಕೆ ಉರಿಯಾಗುತ್ತದೆಯೇ ಹೊರತು ಬಣ್ಣ ಬದಲಾಗುವುದಿಲ್ಲ.

ಬೆನ್ನಿನ ಕೆಳಗಿನ ನೀಲಿ ಕಲೆ ಪೆಟ್ಟಿನ ಗುರುತೇ?
ಅಲ್ಲ. ಆಫ್ರಿಕನ್ ಮತ್ತು ಏಷ್ಯನ್ ಮೂಲದ ಶಿಶುಗಳಲ್ಲಿ ಇದು ಬಹಳ ಸಾಮಾನ್ಯ. ಬಣ್ಣದ ಕಣಗಳು ಚರ್ಮದ ಆಳದಲ್ಲಿ ಉಳಿಯುವುದರಿಂದ ಹೀಗೆ ಕಾಣುತ್ತದೆ. ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಮಾಸುತ್ತವೆ. ಮುಂದೆ ಯಾರೂ ತಪ್ಪು ತಿಳಿಯದಂತೆ ಮಕ್ಕಳ ವೈದ್ಯರಿಂದ ದಾಖಲೆಯಲ್ಲಿ ಬರೆಸಿಡುವುದು ಒಳ್ಳೆಯದು.

ಮುಡಿ ಕೊಟ್ಟರೆ ಗುಂಗುರು ಕೂದಲು ನೇರವಾಗುತ್ತದೆಯೇ?
ಇಲ್ಲ. ಕೂದಲಿನ ಆಕಾರ ನಿರ್ಧಾರವಾಗುವುದು ಚರ್ಮದೊಳಗಿನ ಬುಡದಲ್ಲಿ. ಬೋಳಿಸಿದರೆ ಬುಡ ಬದಲಾಗದು. ನೆತ್ತಿಯ ಎಣ್ಣೆಯಂಶ ಸುರುಳಿಯ ತುದಿವರೆಗೆ ಸುಲಭವಾಗಿ ಇಳಿಯದ ಕಾರಣ ಇಂಥ ಕೂದಲು ಬೇಗ ಒಣಗುತ್ತದೆ. ದಿನವೂ ಶಾಂಪೂ ಬೇಡ. ಕೂದಲು ಒದ್ದೆಯಿರುವಾಗ ಕಂಡಿಷನರ್ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಜಡೆ ತೀರಾ ಬಿಗಿಯಾದರೆ ಹಣೆಯಂಚಿನ ಕೂದಲು ಉದುರುತ್ತದೆ.

ವೈದ್ಯರಲ್ಲಿ ಏನು ಕೇಳಬೇಕು?
ಗಾಢ ಬಣ್ಣದ ನವಜಾತ ಶಿಶುವಿನಲ್ಲಿ ಕಾಮಾಲೆ ಸುಲಭವಾಗಿ ಕಾಣುವುದಿಲ್ಲ. ಕಣ್ಣಿನ ಬಿಳಿಭಾಗ ಮತ್ತು ವಸಡು ನೋಡಬೇಕು, ಅನುಮಾನವಿದ್ದರೆ ರಕ್ತಪರೀಕ್ಷೆ ಮಾಡಿಸಬೇಕು. ಕುಡಗೋಲು ಕಣ ರಕ್ತಹೀನತೆಯ ಜೀನ್ ಆಫ್ರಿಕಾದಲ್ಲೂ ಭಾರತದ ಕೆಲವು ಸಮುದಾಯಗಳಲ್ಲೂ ಇದೆ. ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಈ ಕಾಯಿಲೆ ಬರುವ ಸಾಧ್ಯತೆ ಶೇ. 25. ಇಬ್ಬರೂ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ.

ಇಂಥ ಮಗು ಕರ್ನಾಟಕಕ್ಕೆ ಹೊಸದೇ?
ಖಂಡಿತ ಅಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಭಾಗದಲ್ಲಿ ಸಿದ್ದಿಗಳು ತಲೆಮಾರುಗಳಿಂದ ಬಾಳುತ್ತಿದ್ದಾರೆ. ಇವರ ಪೂರ್ವಜರಲ್ಲಿ ಅನೇಕರನ್ನು ಅರಬ್ಬರು ಮತ್ತು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ತಂದಿದ್ದರು. 2011ರಲ್ಲಿ ಪ್ರಕಟವಾದ ಜೀನ್ ಅಧ್ಯಯನಗಳು ಸಿದ್ದಿಗಳಲ್ಲಿ ಆಫ್ರಿಕನ್ ಮೂಲದ ಜೊತೆಗೆ ಭಾರತೀಯ ಮೂಲವೂ ಬೆರೆತಿದೆ ಎಂದು ತೋರಿಸಿದವು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ ಮಾತಾಡುವವರು ಬಹಳ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಇಷ್ಟಾದರೂ ಅಚ್ಚ ಕನ್ನಡ ಮಾತಾಡುವ ಸಿದ್ದಿಗಳಿಗೆ ‘ಯಾವ ದೇಶ?’ ಎಂಬ ಪ್ರಶ್ನೆ ಇಂದಿಗೂ ತಪ್ಪಿಲ್ಲ.

ಹಾಗಾದರೆ ಬಳಗ ಎಲ್ಲಿ ಸಿಗುತ್ತದೆ?
ಸಿದ್ದಿಗಳ ಇತಿಹಾಸ ಮಗುವಿಗೆ ಧೈರ್ಯ ಕೊಡಬಹುದು. ಆದರೆ ಅವರ ಊರುಗಳು ಪ್ರದರ್ಶನದ ತಾಣಗಳಲ್ಲ, ಅವರ ಕಥೆಯೇ ನಗರದ ಮಗುವಿನ ಕಥೆಯೂ ಅಲ್ಲ. ದಿನನಿತ್ಯದ ಬಳಗವನ್ನು ಹತ್ತಿರದಲ್ಲೇ ಕಟ್ಟಿಕೊಳ್ಳಬೇಕು. ತನ್ನಂತೆಯೇ ಕಾಣುವ ಇನ್ನೊಂದು ಮಗು, ಅಪ್ಪನ ಕಡೆಯ ಭಾಷೆ ಆಡುವ ಒಬ್ಬ ಹಿರಿಯರು, ಗುಂಗುರು ಕೂದಲು ಹೆಣೆಯಬಲ್ಲ ಒಬ್ಬ ಅಕ್ಕ ಸಿಕ್ಕರೂ ದೊಡ್ಡ ಬಲ. ಶಾಲೆಗೆ ಸೇರಿಸುವಾಗಲೇ ಶಿಕ್ಷಕರ ಜೊತೆ ಮಾತಾಡಿ, ಅಡ್ಡಹೆಸರಿನಿಂದ ಕರೆದರೆ ಏನು ಮಾಡುತ್ತಾರೆಂದು ಕೇಳಿ. ಅಜ್ಜಿಗೂ ತಿಳಿಸಿ ಹೇಳಿ. ‘ಸ್ವಲ್ಪ ಕಪ್ಪು, ಆದರೂ ಲಕ್ಷಣ’ ಎಂಬ ಮುದ್ದಿನ ಮಾತಿನಲ್ಲಿರುವ ‘ಆದರೂ’ ಮಗುವಿಗೆ ಅರ್ಥವಾಗುತ್ತದೆ.

ಪಾರ್ಕಿನ ಪ್ರಶ್ನೆಗೆ ಉದ್ದದ ವಿವರಣೆ ಕೊಡಬೇಕಿಲ್ಲ. ‘ಇದೇ ಏರಿಯಾ, ಶ್ರೀಗಂಧದ ಕಾವಲ್’ ಎಂದರೆ ಸಾಕು. ಮಗು ಪಕ್ಕದಲ್ಲೇ ನಿಂತು ಆ ಉತ್ತರವನ್ನು ಕೇಳಿಸಿಕೊಳ್ಳುತ್ತಿರುತ್ತದೆ.