ಡಂಗುರ

ನಮ್ಮ ಉಮರ್ಗಾ, ನಿಲಂಗಾ, ಉದಗೀರ ಕಡೆ ಡಂಗುರ ಅಂದರ ಹಲಗಿ ಬಡಿದು ಊರಿಗೆ ಸುದ್ದಿ ಸಾರುವುದು. ನಿಜಾಮನ ಕಾಲದಾಗ ಕಚೇರಿ ಭಾಷೆ ಉರ್ದು, ಅವರು ಅದಕ್ಕ ಢಂಡೋರಾ ಅಂದರು. 1956ರ ನವೆಂಬರ್ 1ಕ್ಕ ಈ ತಾಲೂಕುಗಳು ಮುಂಬೈ ರಾಜ್ಯಕ್ಕ ಸೇರಿದವು. ಚಾವಡಿಗೆ ಮರಾಠಿ ಬಂತು, ಡಂಗುರ ದವಂಡಿ ಆತು. ಹಲಗಿ ಅದೇ, ಬಡಿಯಾವನೂ ಅವನೇ. ಊರಿಗೆಲ್ಲ ಸಾರುವವನಿಗೆ ಊರೊಳಗ ಮನಿ ಇರಲಿಲ್ಲ. ಸುಗ್ಗಿಗೆ ಒಂದಿಷ್ಟು ಜ್ವಾಳ ಕೊಟ್ಟರ ಮುಗೀತು. ಇದನ್ನೂ ಬರೀಬೇಕು.

ಹಗಲ ಬಡಿದರ ಕಂದಾಯ, ಜಾತ್ರಿ. ರಾತ್ರಿ ಬಡಿದರ ಬೆಂಕಿ, ಇಲ್ಲಾ ಕಳ್ಳರು. 1948ರಾಗ ರಜಾಕಾರರ ಹಾವಳಿ ಇದ್ದಾಗ, ರಾತ್ರಿ ಹಲಗಿ ಕೇಳಿದ ಕೂಡಲೇ ಕೂಸುಗಳನ್ನ ಬಗಲಾಗ ಹಾಕ್ಕೊಂಡು ಹೊಲಕ್ಕ ಓಡುತ್ತಿದ್ದೆವು ಎಂದು ನಮ್ಮವ್ವ ಹೇಳುತ್ತಿದ್ದಳು.

ದಾಸರ ಪದದಾಗ ಅದೇ ಶಬ್ದ ನಾನೂ ಹಾಡತೀನಿ. ಅಲ್ಲಿ ಸಾರೋದು ದೇವರ ಹೆಸರು. ಗುಟ್ಟು ನಿಲ್ಲದ ಬಾಯಿಯವನಿಗೆ ‘ಊರ ತುಂಬ ಡಂಗುರ ಹೊಡದ’ ಅಂತೀವಿ.

1993ರ ಸೆಪ್ಟೆಂಬರ್ 30ರ ನಸುಕಿನಾಗ, 3 ಗಂಟೆ 56 ನಿಮಿಷಕ್ಕ, ಕಿಲ್ಲಾರಿ, ಸಾಸ್ತೂರ ಕಡೆ ಭೂಮಿ ನಡುಗಿತು. ಅದಕ್ಕ ಯಾವ ಹಲಗಿನೂ ಮುಂಚಿತ ಬಡೀಲಿಲ್ಲ, ಬಡಿಯೋ ಹೊತ್ತೂ ಇರಲಿಲ್ಲ.

ಈಗ ಸುದ್ದಿ ಮೈಕಿನಾಗ, ಮೊಬೈಲಿನಾಗ. ಮೊಮ್ಮಕ್ಕಳಿಗೆ ದವಂಡಿ ಗೊತ್ತು. ಡಂಗುರ ಅಂದರ ಅವರಿಗೆ ಗುಟ್ಟು ಬಯಲು ಮಾಡೋದು, ಅಷ್ಟ.