ಎರಡು ಕೊಣ್ಣೂರುಗಳು: ಅಂತರ್ಜಾಲದ ಆಕರಗಳ ಉಲ್ಲೇಖವನ್ನು ಕುರಿತು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಚರಿತ್ರೆಯನ್ನು ಅಭ್ಯಸಿಸುವವರು ಮುಂಬಯಿ ಇಲಾಖೆಯ ಗ್ಯಾಝೆಟಿಯರಿನ ಬೆಳಗಾವಿ ಸಂಪುಟವನ್ನೂ (೧೮೮೪) 'ಎಪಿಗ್ರಾಫಿಯಾ ಇಂಡಿಕಾ'ದ ಸಂಪುಟಗಳನ್ನೂ ಇಂದು ಅಂತರ್ಜಾಲದಲ್ಲಿಯೇ ಓದಬಹುದಾಗಿದೆ. ದೊಡ್ಡ ಗ್ರಂಥಾಲಯಗಳಿಂದ ದೂರವಿರುವ ವಿದ್ಯಾರ್ಥಿಗಳಿಗೆ ಇದರಿಂದ ಆಗಿರುವ ಉಪಕಾರ ಅಲ್ಪವಲ್ಲ. ಆದರೆ ಆಕರವು ಸುಲಭವಾಗಿ ದೊರೆತ ಮಾತ್ರಕ್ಕೆ ಉಲ್ಲೇಖದ ಹೊಣೆ ಹಗುರಾಗುವುದಿಲ್ಲವೆಂಬುದಕ್ಕೆ ಈ ಪ್ರದೇಶದ ಒಂದು ಊರಿನ ಹೆಸರೇ ಸಾಕ್ಷಿಯಾಗಿದೆ.

ಗೋಕಾಕ ಜಲಪಾತದ ಸಮೀಪದಲ್ಲಿ ಒಂದು ಕೊಣ್ಣೂರು ಉಂಟು. ಇಲ್ಲಿಯ ರಟ್ಟರ ಕಾಲದ ಶಾಸನವನ್ನು ಜೆ. ಎಫ್. ಫ್ಲೀಟರು ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯ ೧೦ನೆಯ ಸಂಪುಟದಲ್ಲಿ ಪ್ರಕಟಿಸಿದರು. ಇನ್ನೊಂದು ಕೊಣ್ಣೂರು ಇಂದಿನ ಗದಗ ಜಿಲ್ಲೆಯ ನರಗುಂದ ತಾಲೂಕಿನಲ್ಲಿದೆ. ಅಲ್ಲಿಯ ಶಾಸನವು ರಾಷ್ಟ್ರಕೂಟ ಅಮೋಘವರ್ಷನದು, ಶಕ ೭೮೨ರ (ಕ್ರಿ. ಶ. ೮೬೦) ಕಾಲೋಲ್ಲೇಖವುಳ್ಳದ್ದು, 'ಎಪಿಗ್ರಾಫಿಯಾ ಇಂಡಿಕಾ'ದ ೬ನೆಯ ಸಂಪುಟದಲ್ಲಿ ಕೀಲ್‌ಹಾರ್ನರಿಂದ ಸಂಪಾದಿತವಾದದ್ದು. ಜಾಲತಾಣದ ವಿಳಾಸವೊಂದನ್ನೇ ಬರೆದು 'ಕೊಣ್ಣೂರು ಶಾಸನ' ಎಂದುಬಿಟ್ಟರೆ ಒಂದರ ದಾನ ಮತ್ತೊಂದರ ಬಸದಿಗೆ ಸಲ್ಲುವ ಅಪಾಯವಿದೆ. ಅಲ್ಲದೆ, ಎರಡನೆಯ ಶಿಲಾಲೇಖವು ಅಮೋಘವರ್ಷನ ಕಾಲದ್ದಲ್ಲ, ಬಹಳ ತರುವಾಯ ಕೊರೆದದ್ದು ಎಂಬ ಮುಖ್ಯ ಸಂಗತಿಯು ಸಂಪಾದಕರ ಪೀಠಿಕೆಯನ್ನು ನೋಡಿದವರಿಗಷ್ಟೇ ತಿಳಿಯುತ್ತದೆ.

ದೇಜ್ಜ ಮಹಾರಾಜನ ಗೋಕಾಕ ತಾಮ್ರಪಟಗಳ ಸಂಗತಿಯೂ ಇಂಥದೇ. ಅವುಗಳಲ್ಲಿರುವುದು ಆಗುಪ್ತಾಯಿಕ ಅರಸರ ೮೪೫ನೆಯ ವರ್ಷ. ಅದಕ್ಕೆ ಸಮನಾದ ಕ್ರಿಸ್ತಶಕವು ವಿದ್ವಾಂಸರ ಊಹೆಯೇ ಹೊರತು ಶಾಸನದ ಮಾತಲ್ಲ. ಜಾಲಪುಟದಲ್ಲಿ ಕಂಡ ಕ್ರಿಸ್ತಶಕವನ್ನು ಶಾಸನದ ಹೆಸರಿನಲ್ಲಿ ಉದ್ಧರಿಸುವುದು ಯುಕ್ತವಲ್ಲ.

ಆದುದರಿಂದ ಅಚ್ಚಾದ ಗ್ರಂಥದ ಛಾಯಾಪ್ರತಿಯನ್ನು ಓದಿದಾಗ ಸಂಪಾದಕ, ಸಂಪುಟ, ವರ್ಷ, ಪುಟಗಳನ್ನು ಮೊದಲು ಕೊಟ್ಟು, ಅನಂತರ ಅದು ದೊರೆತ ತಾಣವನ್ನು ಹೇಳತಕ್ಕದ್ದು. ಪುಟಸಂಖ್ಯೆಯು ಗ್ರಂಥದ್ದಿರಬೇಕು, ಕಡತದ್ದಲ್ಲ; ಮುಖಪುಟ, ಪೀಠಿಕೆಗಳು ಸೇರಿ ಇವೆರಡೂ ಬೇರೆಯಾಗುತ್ತವೆ. ಯಂತ್ರವು ಓದಿಕೊಟ್ಟ ಅಕ್ಷರಪಾಠವನ್ನು ಚಿತ್ರದೊಡನೆ ಹೋಲಿಸದೆ ಉದ್ಧರಿಸಲಾಗದು. ತಿದ್ದುಪಡಿಗೆ ಒಳಗಾಗುವ ಪುಟವಾದರೆ ಲೇಖಕರ ಹೆಸರು, ಶೀರ್ಷಿಕೆ, ಪೂರ್ಣ ವಿಳಾಸಗಳೊಡನೆ ನೋಡಿದ ದಿನಾಂಕವೂ ಅವಶ್ಯ. ೧೮೮೪ರ ಸಂಪುಟದಲ್ಲಿ ಮೂಡಲಗಿಯು ಗೋಕಾಕ ತಾಲೂಕಿಗೆ ಸೇರಿದೆ. ಇಂದು ಅದೇ ಒಂದು ತಾಲೂಕು. ಇಂಥಲ್ಲಿ ಆಕರದ ಹೆಸರನ್ನು ತಿದ್ದದೆ, ಇಂದಿನ ಆಡಳಿತವಿಭಾಗವನ್ನು ಕಂಸದಲ್ಲಿ ಕೊಡುವುದು ಲೇಸು.

ನಾವು ನಡೆದ ದಾರಿಯಲ್ಲಿ ಓದುಗರೂ ನಡೆದು ನಮ್ಮ ತಪ್ಪನ್ನು ಕಂಡುಹಿಡಿಯಲು ಸಾಧ್ಯವಾಗಬೇಕು. ಅಡಿಟಿಪ್ಪಣಿಯ ಪ್ರಯೋಜನವು ಅದೇ ಆಗಿದೆ.