ವಿದ್ಯಾದಾನದ ಆರ್ಥಿಕ ನೆಲೆ: ಗದಗ ಪರಿಸರದ ಶಾಸನಗಳ ಹಿನ್ನೆಲೆಯಲ್ಲಿ

ಪ್ರಾಚೀನ ಕರ್ನಾಟಕದ ವಿದ್ಯಾಕೇಂದ್ರಗಳನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಅಲ್ಲಿ ಏನನ್ನು ಕಲಿಸುತ್ತಿದ್ದರು, ಕಲಿಸುತ್ತಿದ್ದವರು ಯಾವ ಪರಂಪರೆಗೆ ಸೇರಿದವರು ಎಂಬ ಪ್ರಶ್ನೆಗಳ ಸುತ್ತಲೇ ನಡೆದಿವೆ. ಕಲಿಸುವವನ ಮತ್ತು ಕಲಿಯುವವನ ಅನ್ನ ಯಾರ ಹೊಲದಿಂದ ಬರುತ್ತಿತ್ತು ಎಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ. ಆದರೆ ದಾನಶಾಸನಗಳು ಮುಖ್ಯವಾಗಿ ಹೇಳುವುದು ಈ ಎರಡನೆಯದನ್ನೇ. ದಾನಶಾಸನವೆಂಬುದು ಮೊದಲಿಗೆ ಒಂದು ಆಸ್ತಿಪತ್ರ. ಪಾಂಡಿತ್ಯದ ಪ್ರಶಂಸೆ ಅದರಲ್ಲಿ ಪೀಠಿಕೆಯ ಭಾಗ ಮಾತ್ರ. ಈ ದೃಷ್ಟಿಯಿಂದ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಪರಿಸರ, ಅಂದರೆ ಪ್ರಾಚೀನ ಬೆಳ್ವೊಲ ಮುನ್ನೂರು ಮತ್ತು ಪುಲಿಗೆರೆ ಮುನ್ನೂರು ನಾಡುಗಳ ಪ್ರದೇಶ, ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ಒಂದೆರಡು ದಿನದ ಕಾಲ್ನಡಿಗೆಯ ಅಂತರದೊಳಗೆ ಇಲ್ಲಿ ಮೀಮಾಂಸೆ, ವ್ಯಾಕರಣ, ಶೈವಾಗಮ, ಜೈನ ಹಾಗೂ ಬೌದ್ಧ ಶಾಸ್ತ್ರಗಳಿಗೆ ಬೇರೆ ಬೇರೆ ನೆಲೆಗಳಿದ್ದವು. ಪ್ರತಿಯೊಂದರ ಹಿಂದೆಯೂ ಬೇರೆ ಬೇರೆ ಹಣವಿತ್ತು.

ಗದಗಿನಲ್ಲಿ ದೊರೆತ 1098ರ ಶಾಸನ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಸೋಮೇಶ್ವರಭಟ್ಟನು ಲೊಕ್ಕಿಗುಂಡಿಯಲ್ಲಿ ಪ್ರಾಭಾಕರ ಮೀಮಾಂಸೆಯನ್ನು ಬೋಧಿಸುವ ಶಾಲೆಗೆ ವ್ಯವಸ್ಥೆ ಮಾಡಿದುದನ್ನು ತಿಳಿಸುತ್ತದೆ. ಇಲ್ಲಿ ದಾನ ಸಲ್ಲುವುದು ಸಾಮಾನ್ಯ ವಿದ್ಯೆಗಲ್ಲ, ಮೀಮಾಂಸೆಗೆ. ಮೀಮಾಂಸೆಯಲ್ಲಿಯೂ ಭಾಟ್ಟಮತಕ್ಕಲ್ಲ, ಪ್ರಾಭಾಕರ ಮತಕ್ಕೆ. ಇದನ್ನು ಚಿತ್ತಾಪುರ ತಾಲ್ಲೂಕಿನ ನಾಗಾವಿಯ 1058ರ ಶಾಸನದೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದಾಧ್ಯಯನ ಮಾಡುವ 200 ವಿದ್ಯಾರ್ಥಿಗಳೂ ಶಾಸ್ತ್ರಾಭ್ಯಾಸ ಮಾಡುವ ಸುಮಾರು 50 ವಿದ್ಯಾರ್ಥಿಗಳೂ ಇದ್ದರು. ಗ್ರಂಥಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಭಾಟ್ಟ ಮತ್ತು ಪ್ರಾಭಾಕರ ಮತಗಳೆರಡಕ್ಕೂ ಅಲ್ಲಿ ಉಪಾಧ್ಯಾಯರಿದ್ದರು. ಪರಸ್ಪರ ಖಂಡಿಸುವ ಎರಡು ದರ್ಶನಗಳನ್ನು ಒಂದೇ ಆವರಣದಲ್ಲಿ ಸಾಕಲು ದೊಡ್ಡ ಉಂಬಳಿ ಬೇಕು. ಲೊಕ್ಕಿಗುಂಡಿಯ ದಾನಿಯ ಆಯ್ಕೆ ಒಂದಕ್ಕೆ ಸೀಮಿತವಾಗಿತ್ತು. ಯಾವ ಶಾಸ್ತ್ರ ಎಲ್ಲಿ ಬೆಳೆಯಬೇಕೆಂಬುದನ್ನು ವಾದದ ಗೆಲುವಿನಷ್ಟೇ ದಾನಿಯ ಒಲವೂ ನಿರ್ಧರಿಸುತ್ತಿತ್ತೆಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ದೊರೆಯುವುದು ಕಷ್ಟ.

ಲೊಕ್ಕಿಗುಂಡಿ, ಅಂದರೆ ಇಂದಿನ ಲಕ್ಕುಂಡಿ, ಟಂಕಶಾಲೆಯ ಊರೂ ಆಗಿತ್ತು. ಶಾಸನಗಳಲ್ಲಿ ಬರುವ ಲೊಕ್ಕಿಗದ್ಯಾಣಕ್ಕೆ ಆ ಹೆಸರು ಬಂದದ್ದು ಈ ಊರಿನಿಂದ. ಹೀಗಿದ್ದೂ ವಿದ್ಯೆಗೆ ಕೊಟ್ಟ ದಾನಗಳು ಹೆಚ್ಚಾಗಿ ನಾಣ್ಯರೂಪದಲ್ಲಿರದೆ ಭೂಮಿಯ ರೂಪದಲ್ಲಿರುವುದು ಗಮನಾರ್ಹ. ನಾಣ್ಯ ಒಮ್ಮೆ ಖರ್ಚಾದರೆ ತೀರಿತು, ಭೂಮಿ ವರ್ಷವರ್ಷವೂ ಬೆಳೆ ಕೊಡುತ್ತದೆ. ಬೆಳ್ವೊಲದ್ದು ಎರೆಭೂಮಿಯಾದರೂ ಮಳೆಯನ್ನೇ ನಂಬಿದ ಭೂಮಿ. ಆದುದರಿಂದ ಮಳೆ ಹೋದ ವರ್ಷ ಉಪಾಧ್ಯಾಯನೂ ಒಕ್ಕಲಿಗನೊಡನೆ ಮುಗಿಲು ನೋಡಬೇಕಾಗಿತ್ತು. ಅಗ್ರಹಾರದ ವೃತ್ತಿ ವಂಶಪಾರಂಪರ್ಯವಾಗಿ ಹಂಚಿಹೋಗುವಂಥದು. ಪಾಠ ನಿಂತರೂ ವೃತ್ತಿ ನಿಲ್ಲದು. ಶಾಲೆಯ ಬೋಧನೆಗೆಂದೇ ಬಿಟ್ಟ ಭೂಮಿ ಹಾಗಲ್ಲ, ಅದು ಕೆಲಸಕ್ಕೆ ಕಟ್ಟಿದ್ದು.

ಗ್ರಂಥಗಳ ಪ್ರತಿ ಮಾಡಿಸುವುದೂ ವೆಚ್ಚದ ಬಾಬು. ಇದೇ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಸಾಮಾನ್ಯವಾಗಿ ಇದನ್ನು ಧರ್ಮಶ್ರದ್ಧೆಯ ಲೆಕ್ಕಕ್ಕೆ ಬರೆಯುತ್ತಾರೆ. ಸಾವಿರ ಪ್ರತಿಗೆ ಬೇಕಾಗುವ ಓಲೆ, ಲಿಪಿಕಾರರು, ಅವರ ಊಟ, ತಿಂಗಳುಗಟ್ಟಲೆಯ ದುಡಿಮೆ ಇವನ್ನು ನೆನೆದರೆ ಇದು ಆ ಕಾಲದ ಅತಿ ದೊಡ್ಡ ಪ್ರಕಟಣ ಕಾರ್ಯಗಳಲ್ಲೊಂದು ಎನ್ನಬೇಕು.

ಮುಳಗುಂದದಲ್ಲಿ ಜೈನ ವಿದ್ವತ್ತು ನೆಲೆಸಿತ್ತು. ಮಲ್ಲಿಷೇಣನು ತನ್ನ ಸಂಸ್ಕೃತ ‘ಮಹಾಪುರಾಣ’ವನ್ನು 1047ರಲ್ಲಿ ಪೂರೈಸಿದ್ದು ಅಲ್ಲಿ. 1053ರ ಶಾಸನ, ಸಂಧಿವಿಗ್ರಹಿ ಬೆಲ್ದೇವನ ದಾನವನ್ನು ದಾಖಲಿಸುವಾಗ ಅಲ್ಲಿಯ ಆಚಾರ್ಯರ ವ್ಯಾಕರಣ ಪಾಂಡಿತ್ಯವನ್ನು ಚಾಂದ್ರ, ಕಾತಂತ್ರ, ಜೈನೇಂದ್ರ, ಪಾಣಿನೀಯ ಎಂದು ಹೆಸರಿಸಿ ಹೊಗಳುತ್ತದೆ. ‘ಧರ್ಮಾಮೃತ’ದ ನಯಸೇನನೂ ಇದೇ ಊರಿನವನು.

ಮುಂಡರಗಿ ತಾಲ್ಲೂಕಿನ ಡಂಬಳದ ಸಂಗತಿ ಬೇರೆ. ರಾಣಿ ಲಕ್ಷ್ಮಾದೇವಿಯು ಹದಿನೆಂಟು ಅಗ್ರಹಾರಗಳನ್ನೂ ಧರ್ಮಪುರವನ್ನೂ ಆಳುತ್ತಿದ್ದ ಕಾಲದ, 1095ರ ಶಾಸನದಲ್ಲಿ ಎರಡು ಬೌದ್ಧ ವಿಹಾರಗಳು ಬರುತ್ತವೆ. ಒಂದನ್ನು ಅಲ್ಲಿಯ ಹದಿನಾರು ಸೆಟ್ಟಿಗಳು ಕೂಡಿ ಕಟ್ಟಿಸಿದರು. ಆರ್ಯತಾರಾದೇವಿಯ ವಿಹಾರವನ್ನು ಲೊಕ್ಕಿಗುಂಡಿಯ ಸಂಗವಯ್ಯ ಸೆಟ್ಟಿ ಕಟ್ಟಿಸಿದ. ಸುತ್ತಲೂ ಅಗ್ರಹಾರ, ಬಸದಿ, ಶೈವಮಠಗಳಿದ್ದ ನಾಡಿನಲ್ಲಿ ಬೌದ್ಧ ಸಂಘಕ್ಕೆ ಆಸರೆಯಾದದ್ದು ವ್ಯಾಪಾರದ ಹಣ. ಆ ವಣಿಕರ ಕುಲ ಬೇರೆಡೆ ಮನಸ್ಸು ತಿರುಗಿಸಿದೊಡನೆ ಆ ವಿದ್ಯೆಗೆ ಇಲ್ಲಿ ಬೇರೆ ಪೋಷಕರು ಉಳಿಯುವಂತಿರಲಿಲ್ಲ.

ದಾನ ಪಡೆಯುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದು ಕಠಿಣ. ಲಕ್ಷ್ಮೇಶ್ವರದ ಶಂಖಬಸದಿಗೆ ಸಂಬಂಧಿಸಿದ ಶಾಸನಗಳು ಇದಕ್ಕೆ ಸಾಕ್ಷಿ. ಎಂಟನೆಯ ಶತಮಾನದ ಚಾಲುಕ್ಯ ದಾನಗಳೂ 968ರ ಗಂಗ ಮಾರಸಿಂಹನ ದಾನವೂ ಒಂದೇ ಕಲ್ಲಿನ ಮೇಲೆ ಹತ್ತನೆಯ ಶತಮಾನದ ಲಿಪಿಯಲ್ಲಿವೆ. ಹಳೆಯ ದಾನಗಳ ನೈಜತೆಯನ್ನು ಕೆಲವು ವಿದ್ವಾಂಸರು ಶಂಕಿಸಿದ್ದಾರೆ. ಶಂಕೆ ಇರಲಿ, ಎರಡು ಶತಮಾನಗಳ ಹಿಂದಿನ ಹಕ್ಕುಗಳನ್ನು ಹುಡುಕಿ, ಒಗ್ಗೂಡಿಸಿ, ಕಲ್ಲಿಗೇರಿಸುವ ಅಗತ್ಯ ಆ ಸಂಸ್ಥೆಗೆ ಬಂದಿತ್ತೆಂಬುದು ಆರ್ಥಿಕ ಇತಿಹಾಸಕ್ಕೆ ಹೆಚ್ಚು ಮುಖ್ಯವಾದ ಸಂಗತಿ.

ಗದಗಿನ ತ್ರಿಕೂಟೇಶ್ವರದ ಕಾಳಾಮುಖ ಆಚಾರ್ಯರು ಇದನ್ನು ಇನ್ನೂ ಚಾಣಾಕ್ಷತನದಿಂದ ನಿಭಾಯಿಸಿದಂತೆ ಕಾಣುತ್ತದೆ. 1191ರಲ್ಲಿ ಯಾದವ ಭಿಲ್ಲಮನು ಹಿರಿಯ ಹಂದಿಗೋಳವನ್ನು ಸಿದ್ಧಾಂತಿ ಚಂದ್ರಭೂಷಣ ಪಂಡಿತನಿಗೆ ಕೊಟ್ಟ. ಮರುವರ್ಷದ, ಅಂದರೆ 1192ರ ಶಾಸನದ ವೇಳೆಗೆ ನಾಡು ಹೊಯ್ಸಳ ಇಮ್ಮಡಿ ಬಲ್ಲಾಳನ ಕೈಸೇರಿತ್ತು. ಅವನು ಹೊಂಬಳಲನ್ನು ಕೊಟ್ಟದ್ದೂ ಅದೇ ಆಚಾರ್ಯನಿಗೆ. ಕತ್ತಿ ಹಿರಿದ ಇಬ್ಬರು ಅರಸರು ವರ್ಷದ ಅಂತರದಲ್ಲಿ ಒಬ್ಬನೇ ಪಂಡಿತನನ್ನು ಗೌರವಿಸಿದ್ದು ಪಾಂಡಿತ್ಯದ ಮಹಿಮೆಯೂ ಹೌದು. ಊರಿನ ಒಪ್ಪಿಗೆ ಗಳಿಸಲು ಹೊಸ ಪ್ರಭುವಿಗೆ ದೇಗುಲದ ನೆರವು ಬೇಕಿತ್ತೆಂಬುದೂ ಹೌದು. ಇಂಥ ದಾನಗಳಲ್ಲಿ ಅಂಗಭೋಗ, ರಂಗಭೋಗ, ಜೀರ್ಣೋದ್ಧಾರ, ತಪೋಧನರ ಆಹಾರ, ವಿದ್ಯಾದಾನ ಎಲ್ಲವೂ ಒಂದೇ ಉತ್ಪನ್ನವನ್ನು ಹಂಚಿಕೊಳ್ಳುವ ಬಾಬುಗಳು. ಉತ್ಪನ್ನ ಕುಗ್ಗಿದಾಗ ಪೂಜೆಯನ್ನು ನಿಲ್ಲಿಸುವಂತಿಲ್ಲ, ಪಾಠವನ್ನು ನಿಲ್ಲಿಸಬಹುದು.

ಈ ದೌರ್ಬಲ್ಯ ಬ್ರಿಟಿಷರ ಕಾಲದಲ್ಲಿ ಬಯಲಿಗೆ ಬಂದಿತು. 1852ರ ಹನ್ನೊಂದನೆಯ ಕಾಯಿದೆಯ ಮೇರೆಗೆ ನಡೆದ ಇನಾಮು ವಿಚಾರಣೆ, ಶಾಶ್ವತ ಸ್ವರೂಪದ ದೇವಸ್ಥಾನ, ಮಸೀದಿ ಮುಂತಾದವುಗಳ ಭೂಮಿಗಳನ್ನು ಮುಂದುವರಿಸಿ, ವ್ಯಕ್ತಿಗತ ಇನಾಮುಗಳ ಹಕ್ಕನ್ನು ದಾಖಲೆಗಳ ಒರೆಗೆ ಹಚ್ಚಿತು. ಕಾಯಿದೆಯ ಕಣ್ಣಿಗೆ ಗುಡಿ ಕಾಣುತ್ತಿತ್ತು, ಪಾಠ ಕಾಣುತ್ತಿರಲಿಲ್ಲ. ಗದಗ, ಮುಂಡರಗಿಗಳು ಮುಂಬಯಿ ಸರಕಾರಕ್ಕೂ ಶಿರಹಟ್ಟಿ ಸಾಂಗಲಿಗೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದುದರಿಂದ ನೆರೆಹೊರೆಯ ಊರುಗಳ ಶಾಲೆಗಳು ಬೇರೆ ಬೇರೆ ಖಜಾನೆಗಳತ್ತ ನೋಡಬೇಕಾಯಿತು. ಈ ಸ್ಥಿತಿ 1948ರ ವಿಲೀನದವರೆಗೂ ಇತ್ತು. ಈ ನಾಡಿನ ದಾನಶಾಸನಗಳನ್ನು ಓದಿ ಪ್ರಕಟಿಸಿದವರಲ್ಲಿ ಅಗ್ರಗಣ್ಯನಾದ ಫ್ಲೀಟ್ ಕೂಡ ಮುಂಬಯಿ ಆಡಳಿತ ಸೇವೆಯ ಅಧಿಕಾರಿಯೇ; ಭೂಮಿಯ ಹಕ್ಕುಪತ್ರಗಳ ಓದು ಹೀಗೆ ಸಂಶೋಧನೆಯ ವಿಷಯವಾಯಿತು. 1939ರಲ್ಲಿ ಧಾರವಾಡದಲ್ಲಿ ಸರಕಾರದ ವೆಚ್ಚದಿಂದಲೇ ಕನ್ನಡ ಸಂಶೋಧನ ಸಂಸ್ಥೆ ಆರಂಭವಾಗಿ, 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯದ ಅಂಗವಾಗಿ ಮುಂದೆ ಬೆಳೆಯಿತು.

1974ರ ಭೂಸುಧಾರಣೆಯಿಂದ ಗೇಣಿಗೆ ಕೊಟ್ಟಿದ್ದ ಭೂಮಿ ಮಠ, ಗುಡಿಗಳ ಕೈಬಿಟ್ಟಿತು. ಉಳುವವನಿಗೆ ಅದು ನ್ಯಾಯವೇ ಆಗಿತ್ತು. ಆದರೆ ವಿದ್ಯೆಯ ಹಳೆಯ ಆರ್ಥಿಕ ವ್ಯವಸ್ಥೆಯ ಕೊನೆಯ ಎಳೆಯೂ ಅಲ್ಲಿಗೆ ಕಡಿಯಿತು. ಅದೇ ವರ್ಷ ಡಂಬಳ-ಗದಗ ತೋಂಟದಾರ್ಯ ಮಠದ ಪೀಠಕ್ಕೆ ಬಂದ ಸಿದ್ಧಲಿಂಗ ಸ್ವಾಮಿಗಳು (1949-2018) ಅಧ್ಯಯನ ಸಂಸ್ಥೆಯ ಮೂಲಕ ನೂರಾರು ಗ್ರಂಥಗಳನ್ನು ಹೊರತಂದರು. ಮುದ್ರಣಕಾಶಿಯೆನಿಸಿದ ಗದಗಿನಲ್ಲಿ ಇದಕ್ಕೆ ಬೇಕಾದ ಕುಶಲ ಕೈಗಳಿದ್ದವು. ಇಲ್ಲಿ ಪ್ರಕಟಣೆಗೆ ಆಧಾರವಾದದ್ದು ಭೂಮಿಯಲ್ಲ, ಭಕ್ತರ ಕಾಣಿಕೆ ಮತ್ತು ಓದುಗರ ಕೊಳ್ಳುವಿಕೆ. ಮಠದ ಪರಂಪರೆಗೆ ಹತ್ತಿರವಾದ ವಚನ, ಶರಣ ಸಾಹಿತ್ಯಗಳಿಗೆ ಇದರಿಂದ ದೊಡ್ಡ ಲಾಭವಾಯಿತು; ಇದೇ ನೆಲದ ಮೀಮಾಂಸೆಗಾಗಲಿ ಡಂಬಳದ ಬೌದ್ಧ ಅಧ್ಯಯನಕ್ಕಾಗಲಿ ಅಂಥ ಆಸರೆ ಸಿಗಲಿಲ್ಲ.

2016ರಲ್ಲಿ ಗದಗಿಗೆ ವಿಶ್ವವಿದ್ಯಾಲಯ ಬಂದಾಗ ಅದೂ ಒಂದು ವಿಷಯವನ್ನು ಹೆಸರಿನಲ್ಲಿಯೇ ಹೊತ್ತು ಬಂದಿತು: ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್. ರಾಜ್ಯ ಸರಕಾರದ ಅನುದಾನದಿಂದ ನಿಂತ ಈ ಸಂಸ್ಥೆಯ ಆವರಣವಿರುವ ಊರಿನ ಹೆಸರೂ ನಾಗಾವಿ. 1058ರ ಘಟಿಕಾಸ್ಥಾನದ ನಾಗಾವಿಗೂ ಇದಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ.